ಪೋಡಿನ ರಕ್ತವೂ ಯಂತ್ರದ ವರ್ಣಗಳೂ

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಹನೂರಿನ ಕಡೆಯ ಮಲೆ ಮಹದೇಶ್ವರ ಬೆಟ್ಟದ ಸುತ್ತಲೂ ಪೋಡುಗಳನ್ನು ಕಟ್ಟಿಕೊಂಡು ಬಾಳುತ್ತಿರುವ ಸೋಲಿಗರಲ್ಲಿ ಕುಡುಗೋಲು ಕಣ ರೋಗವು ವಂಶಪಾರಂಪರ್ಯವಾಗಿ ಹರಿದುಬಂದಿದೆ. ನೆರೆಯ ನೀಲಗಿರಿಯ ಗಿರಿಜನರಲ್ಲಿ ಈ ರಕ್ತದೋಷವಿರುವುದು 1952ರಲ್ಲಿಯೇ ವೈದ್ಯಲೋಕಕ್ಕೆ ತಿಳಿದಿತ್ತು, 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಬೆಟ್ಟದ ಮೇಲೆಯೇ ಇಂಥ ರೋಗಿಗಳ ಶುಶ್ರೂಷೆಗೆ ನಿಂತಿತು. 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನವು 2047ರೊಳಗೆ ರೋಗವನ್ನು ನಿರ್ಮೂಲಗೊಳಿಸುವ ಸಂಕಲ್ಪವನ್ನು ತೊಟ್ಟಿದೆ.

ರೋಗವಿದೆಯೆ ಇಲ್ಲವೆ ಎಂಬುದನ್ನರಿಯಲು ಸರಳ ಪರೀಕ್ಷೆಗಳೇ ಸಾಕು. ಆದರೆ ಔಷಧದ ಫಲವನ್ನು ಅಳೆಯುವುದು ಅಷ್ಟು ಸರಳವಲ್ಲ. ಹೈಡ್ರಾಕ್ಸಿಯೂರಿಯಾ ಎಂಬ ಔಷಧವನ್ನು ಸೇವಿಸುವ ರೋಗಿಯಲ್ಲಿ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಏರಿ ಕಣಗಳು ಬಾಗದಂತೆ ಕಾಯುತ್ತದೆ. ಅದರ ಪ್ರಮಾಣ ನೂರಕ್ಕೆ 15 ಎಂದು ಎಚ್‌ಪಿಎಲ್‌ಸಿ ಯಂತ್ರ ತಿಳಿಸಿದರೂ, ಆ 15 ಎಲ್ಲ ಕಣಗಳಿಗೂ ಹಂಚಿಹೋಗಿದೆಯೋ, ಕೆಲವೇ ಕಣಗಳಲ್ಲಿ ಗುಡ್ಡೆಯಾಗಿ, ಉಳಿದವು ಅರಕ್ಷಿತವಾಗಿವೆಯೋ ಎಂಬುದನ್ನು ಒಂದೊಂದು ಕಣವನ್ನೂ ಲೇಸರ್ ಬೆಳಕಿನ ಮುಂದೆ ಹಾಯಿಸಿ ನೋಡುವ ಫ್ಲೋ ಸೈಟೋಮೀಟರ್ ಸ್ಪಷ್ಟವಾಗಿ ಹೇಳಬಲ್ಲದು.

ಈ ಯಂತ್ರದಲ್ಲಿ ಪ್ರತಿಯೊಂದು ಗುರುತಿಗೂ ಬೆಳಗುವ ವರ್ಣವೊಂದನ್ನು ಕೊಡಬೇಕು; ಭ್ರೂಣ ಹಿಮೋಗ್ಲೋಬಿನ್ನಿನೊಡನೆ ಎಳೆಯ ಕಣಗಳನ್ನೂ ಎಣಿಸಹೊರಟಾಗ ವರ್ಣಸಂಕಟ ಆರಂಭವಾಗುತ್ತದೆ. ಎಳೆಯ ಕೆಂಪುಕಣಗಳನ್ನು ಗುರುತಿಸುವ ಥಯಜೋಲ್ ಆರೆಂಜ್, ಹೆಸರು ಕಿತ್ತಳೆಯದಾದರೂ, ಹಸಿರಾಗಿ ಬೆಳಗುತ್ತದೆ. ಭ್ರೂಣ ಹಿಮೋಗ್ಲೋಬಿನ್ನಿಗೆ ಅಂಟುವ ಪ್ರತಿಕಾಯಕ್ಕೆ ವಾಡಿಕೆಯಂತೆ ಫಿಟ್ಸಿ ವರ್ಣವನ್ನೇ ಜೋಡಿಸಿದರೆ ಅದೂ ಹಸಿರೇ. ಎರಡೂ ಒಂದೇ ಶೋಧಕದಲ್ಲಿ ಬೆರೆತರೆ ಯಾವ ಬೆಳಕು ಯಾರದೆಂದು ಹೇಳುವವರಾರು? ಆದುದರಿಂದ ಪ್ರತಿಕಾಯವನ್ನು ಕೆಂಪು ಲೇಸರಿಗೆ ಬೆಳಗುವ ಎಪಿಸಿಗೆ ವರ್ಗಾಯಿಸಬೇಕು. ಎಳೆಯ ಕಣದ ಮೇಲೆ ವಿರಳವಾಗಿರುವ ಸಿಡಿ71 ಎಂಬ ಗುರುತಿಗೆ ಪ್ರಖರವಾದ ಪಿಇ ವರ್ಣವನ್ನು ಕೊಡಬೇಕು. ಎಂಟು ಗುರುತುಗಳಿಗೆ ಎಂಟು ವರ್ಣಗಳನ್ನು ಹಂಚುವ ಬಗೆಗಳು 40,320. ಈ ಅರಣ್ಯದಲ್ಲಿ ದಾರಿ ತೋರಲೆಂದೇ ಫ್ಲೋರೋಫೈಂಡರ್‌ನಂಥ ಸಾಫ್ಟ್‌ವೇರುಗಳು ಹುಟ್ಟಿವೆ. ಯಂತ್ರದ ಲೇಸರುಗಳನ್ನು ತಿಳಿಸಿದರೆ ಸಾಕು, ಯಾವ ವರ್ಣದ ಬೆಳಕು ಯಾವುದರ ಮೇಲೆ ಚೆಲ್ಲುವುದೆಂದು ಕ್ಷಣದಲ್ಲಿ ತೋರಿಸುತ್ತವೆ. ತಿಂಗಳುಗಟ್ಟಲೆಯ ವೃಥಾಶ್ರಮವನ್ನೂ ದುಬಾರಿ ಪ್ರತಿಕಾಯಗಳ ಅಪವ್ಯಯವನ್ನೂ ಉಳಿಸುವ ಈ ಸಾಧನಗಳ ಉಪಕಾರವನ್ನು ನಾನು ಹೃತ್ಪೂರ್ವಕವಾಗಿ ಒಪ್ಪುತ್ತೇನೆ.

ಆದರೆ ಅವುಗಳ ಲೆಕ್ಕವೆಲ್ಲ ಬೆಳಕಿನದು, ರಕ್ತದ್ದಲ್ಲ. ಕಣದೊಳಗಿನ ಹಿಮೋಗ್ಲೋಬಿನ್ನನ್ನು ಮುಟ್ಟಲು ಗ್ಲುಟರಾಲ್ಡಿಹೈಡಿನಿಂದ ಕಣವನ್ನು ಸ್ಥಿರಗೊಳಿಸಿದಾಗ ಕಣವೇ ತನ್ನಷ್ಟಕ್ಕೆ ಮಿನುಗತೊಡಗುವುದನ್ನು ವರ್ಣಪಟಲದ ರೇಖೆಗಳು ತೋರಿಸುವುದಿಲ್ಲ. ಅದಕ್ಕಿಂತ ಮಿಗಿಲಾದ ಚಿಂತೆ ದಾರಿಯದು: ಬೆಟ್ಟದಲ್ಲಿ ತೆಗೆದ ರಕ್ತವು ಯಳಂದೂರಿಗಿಳಿದು, ಕೊಳ್ಳೇಗಾಲ, ಮಳವಳ್ಳಿ, ಕನಕಪುರಗಳನ್ನು ದಾಟಿ ಬೆಂಗಳೂರಿನ ಸಂಶೋಧನಾಲಯವನ್ನು ಸೇರುವಷ್ಟರಲ್ಲಿ ದಿನ ಮುಗಿದು, ಪರೀಕ್ಷೆ ಮರುದಿನಕ್ಕೆ ಬೀಳಬಹುದು, ಆ ಹೊತ್ತಿನಲ್ಲಿ, ತಂಪಿನಲ್ಲಿಡದಿದ್ದರೆ, ಎಳೆಯ ಕಣಗಳು ನಳಿಕೆಯಲ್ಲಿಯೇ ಬಲಿಯುತ್ತ ಎಣಿಕೆಯಿಂದ ಜಾರಿಹೋಗುತ್ತವೆ. ಆಗ ಔಷಧದ ಫಲವೆಂದು ನಾವು ಬರೆದುಕೊಂಡ ಇಳಿಕೆಯು ಪ್ರಯಾಣದ ಫಲವಾಗಿರಬಹುದು. 2020ರಲ್ಲಿ ಒಂದೇ ನಳಿಕೆಯಲ್ಲಿ 40 ವರ್ಣಗಳ ವಿನ್ಯಾಸವನ್ನು ವಿದೇಶದಲ್ಲಿ ಸಾಧಿಸಿದರೆಂದು ಕೇಳಿ ಇಲ್ಲಿಯೂ ಸಂಖ್ಯೆಯನ್ನು ಹಿಗ್ಗಿಸುವ ಉತ್ಸಾಹ ತೋರುವವರಿದ್ದಾರೆ. ಸೋಲಿಗರ ಮಗುವಿನ ರಕ್ತಕ್ಕೆ ನಾಲ್ಕು ವರ್ಣಗಳು ಸಾಕು, ಅವು ನಂಬತಕ್ಕವಾಗಿದ್ದರೆ.

ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಲೇಸರಿನ ಬಗೆಯನ್ನು ಕೇಳುವಂತೆಯೇ ರಕ್ತದ ವಯಸ್ಸನ್ನೂ, ಅದು ಕಂಡ ತಾಪವನ್ನೂ ಕೇಳುವ ಅಂಕಣವಿರಬೇಕು. ಅದನ್ನು ಸೇರಿಸುವ ಕಾರ್ಯಕ್ಕೆ ಬೆಂಗಳೂರಿನಲ್ಲಿ ಪ್ರೋಗ್ರಾಮರುಗಳ ಕೊರತೆಯಂತೂ ಇಲ್ಲ. ಅಲ್ಲಿಯವರೆಗೆ ಸಂಶೋಧಕರು, ಪ್ರತಿಕಾಯಗಳಿಗೆ ಆರ್ಡರ್ ಹಾಕುವ ಮುನ್ನ, ಒಪ್ಪಿಗೆಯಿತ್ತ ಆರೋಗ್ಯವಂತನೊಬ್ಬನ ಎರಡು ನಳಿಕೆ ರಕ್ತವನ್ನು ಬೆಟ್ಟದಿಂದ ಅದೇ ದಾರಿಯಲ್ಲಿ ಕಳುಹಿಸಿ, ತಲುಪಿದ ಸಂಜೆ ಒಂದನ್ನೂ ಮರುದಿನ ಮತ್ತೊಂದನ್ನೂ ಅಳೆದು, ಎರಡರ ಅಂತರವನ್ನು ವಿನ್ಯಾಸಪತ್ರದ ಮೊದಲನೆಯ ಸಾಲಿನಲ್ಲಿ ಬರೆದಿಡಲಿ.