ವೀಸಾ ಅವಧಿ ಮೀರಿದ ಮಕ್ಕಳ ಮುಂದಿರುವ ದಾರಿಗಳು

2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತು. ಹೆಚ್ಚಿನವರು ಹರಿಯಾಣ, ಗುಜರಾತ್ ಮತ್ತು ಪಂಜಾಬಿನವರು. ಹಾಗೆಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಜೈನ ಕುಟುಂಬಗಳು ಇದನ್ನು ಬೇರೆಯವರ ಸುದ್ದಿ ಎಂದು ಬಿಡುವಂತಿಲ್ಲ. ಕಬ್ಬು, ತಂಬಾಕಿನ ಆದಾಯದ ಮೇಲೆ ಸಾಲ ತೆಗೆದು ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸುವ ಮನೆಗಳು ಈ ಭಾಗದಲ್ಲೂ ಇವೆ. ಈ ಮಕ್ಕಳು ಕಳ್ಳದಾರಿಯಲ್ಲಿ ಗಡಿ ದಾಟಿದವರಲ್ಲ, ವೀಸಾ ಪಡೆದೇ ಹೋದವರು. ಆದರೆ ಕಾಲೇಜು ಬಿಟ್ಟರೆ ಅಥವಾ ಕೆಲಸ ಹೋದರೆ ಅವರೂ ಕಾನೂನಿನ ಹೊರಗೆ ಬೀಳಬಹುದು.

ದಿನಗಳ ಲೆಕ್ಕವೇ ಮುಖ್ಯ

ಅಮೆರಿಕದಲ್ಲಿ ಎಚ್-1ಬಿ ಉದ್ಯೋಗ ಕಳೆದುಕೊಂಡವರಿಗೆ ಹೊಸ ಕೆಲಸ ಹುಡುಕಲು ಸಾಮಾನ್ಯವಾಗಿ ಗರಿಷ್ಠ 60 ದಿನಗಳ ಕಾಲಾವಕಾಶವಿದೆ. ವಿದ್ಯಾರ್ಥಿ ಸ್ಥಾನಮಾನ ಕಳೆದುಕೊಂಡವರು ಅದನ್ನು ಮರಳಿ ಪಡೆಯಲು ಸಾಮಾನ್ಯವಾಗಿ 5 ತಿಂಗಳೊಳಗೆ ಅರ್ಜಿ ಹಾಕಬೇಕು. ಕಾನೂನುಬಾಹಿರ ವಾಸ 180 ದಿನ ಮೀರಿದ ಮೇಲೆ ದೇಶ ಬಿಟ್ಟರೆ 3 ವರ್ಷ, ಒಂದು ವರ್ಷ ತಲುಪಿದ ಮೇಲೆ ಬಿಟ್ಟರೆ 10 ವರ್ಷ ಮರುಪ್ರವೇಶವಿಲ್ಲ. ವಿದ್ಯಾರ್ಥಿಗಳ ವಿಷಯದಲ್ಲಿ ಈ ಎಣಿಕೆ ಯಾವಾಗ ಶುರುವಾಗುತ್ತದೆ ಎಂಬುದು ಅವರ ಪ್ರವೇಶ ದಾಖಲೆಯಲ್ಲಿ ಏನು ಬರೆದಿದೆ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಮೊದಲು ಆ ದಾಖಲೆಯನ್ನು ವಲಸೆ ವಕೀಲರಿಗೆ ತೋರಿಸಬೇಕು.

ಬಾಲ್ಯದಲ್ಲೇ ಬಂದವರಿಗೆ ರಕ್ಷಣೆ ನೀಡುವ 'ಡಾಕಾ' ಯೋಜನೆಯ ಹೆಸರು ಆಗಾಗ ಕೇಳಿಬರುತ್ತದೆ. ಅದು 2007ರ ಜೂನ್ 15ಕ್ಕೂ ಮೊದಲು, 16 ವರ್ಷ ತುಂಬುವ ಮುನ್ನ ಅಲ್ಲಿಗೆ ಹೋದವರಿಗೆ ಮಾತ್ರ. 2021ರ ನ್ಯಾಯಾಲಯದ ಆದೇಶದ ನಂತರ ಹೊಸ ಅರ್ಜಿಗಳ ಮಂಜೂರಾತಿ ನಿಂತಿತು. ಇತ್ತೀಚೆಗೆ ಹೋದವರಿಗೆ ಅದರಿಂದ ಪ್ರಯೋಜನವಿಲ್ಲ. ತಂದೆ-ತಾಯಿಯ ಉದ್ಯೋಗ ವೀಸಾದ ಮೇಲೆ ಬೆಳೆದ ಮಕ್ಕಳು ಕೂಡ 21 ತುಂಬಿದೊಡನೆ ಅವಲಂಬಿತರ ಸ್ಥಾನ ಕಳೆದುಕೊಳ್ಳುತ್ತಾರೆ. ಅವರು ಅದಕ್ಕೂ ಮೊದಲೇ ವಿದ್ಯಾರ್ಥಿ ವೀಸಾಕ್ಕೆ ಬದಲಾಗುವುದು ಕ್ಷೇಮ.

ಕೊಲ್ಲಿ ದೇಶಗಳ ಪದ್ಧತಿ ಬೇರೆ. ಯುಎಇ 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ಕ್ಷಮಾದಾನ ನೀಡಿತು. ಆ ಅವಧಿಯಲ್ಲಿ ದಂಡವಿಲ್ಲದೆ ಊರಿಗೆ ಮರಳಬಹುದಿತ್ತು, ಇಲ್ಲವೇ ಹೊಸ ಕೆಲಸ ಹಿಡಿದು ಸಕ್ರಮವಾಗಬಹುದಿತ್ತು. ಇಂಥ ಅವಕಾಶ ಪ್ರತಿ ವರ್ಷ ಬರುವುದಿಲ್ಲ.

ಏಜೆಂಟರು ಮಾರುವ ಸುಳ್ಳು

ವೀಸಾ ಮುಗಿದವರಿಗೆ ಏಜೆಂಟರು ಹೇಳಿಕೊಡುವ ದಾರಿಗಳು ಎರಡು: ಹುಸಿ ಆಶ್ರಯ ಅರ್ಜಿ, ಹುಸಿ ಮದುವೆ. ಅಮೆರಿಕದ ಕಾನೂನಿನಂತೆ, ಗೊತ್ತಿದ್ದೂ ಕಟ್ಟಿದ ಸುಳ್ಳು ಆಶ್ರಯ ಅರ್ಜಿ ಸಾಬೀತಾದರೆ ವಲಸೆ ಸೌಲಭ್ಯಗಳ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ. ವೀಸಾಕ್ಕಾಗಿ ಮಾಡಿಕೊಂಡ ಮದುವೆ ಎಂದು ಸಾಬೀತಾದರೆ, ಮುಂದೆ ನಿಜವಾಗಿ ಮದುವೆಯಾದರೂ ಸಂಗಾತಿ ಹಾಕುವ ಅರ್ಜಿ ಮಂಜೂರಾಗುವುದಿಲ್ಲ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ದಾಖಲೆ ಸೃಷ್ಟಿಸುವುದನ್ನು ಸೇರಿಸಿದೆ. ಇಲ್ಲಿ ಶ್ರಾವಕಧರ್ಮವೂ ಕಾನೂನೂ ಒಂದೇ ಮಾತು ಹೇಳುತ್ತವೆ.

ಮರಳುವುದೂ ಒಂದು ದಾರಿ

ಪಾಸ್‌ಪೋರ್ಟ್ ಕಳೆದಿದ್ದರೆ ಅಥವಾ ಅವಧಿ ಮುಗಿದಿದ್ದರೆ ಭಾರತೀಯ ರಾಯಭಾರ ಕಚೇರಿ ಊರಿಗೆ ಮರಳಲು ತುರ್ತು ಪ್ರಮಾಣಪತ್ರ ನೀಡುತ್ತದೆ. ಕೈಯಲ್ಲಿ ಹಣವಿಲ್ಲದೆ ಸಂಕಷ್ಟಕ್ಕೆ ಸಿಲುಕಿದವರ ಟಿಕೆಟಿಗೆ 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ಸಿಗಬಹುದು. ಊರಲ್ಲಿರುವ ತಂದೆ-ತಾಯಿ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು.

ಬಹಳ ಮಕ್ಕಳು ಈ ದಾರಿ ಹಿಡಿಯದಿರಲು ಕಾರಣ ಕಾನೂನಲ್ಲ, ಸಂಕೋಚ. ತೀರದ ಸಾಲ, ಅರ್ಧಕ್ಕೆ ನಿಂತ ಪದವಿ, ಮದುವೆಯ ಮಾತುಕತೆಯಲ್ಲಿ ಏಳುವ ಪ್ರಶ್ನೆ, ಊರವರು ಏನಂದಾರು ಎಂಬ ಅಂಜಿಕೆ. ಹೀಗೆ ಸುಮ್ಮನಿದ್ದ ಆರು ತಿಂಗಳು 3 ವರ್ಷದ ನಿಷೇಧವಾಗಬಹುದು, ಮತ್ತೆ ಆರು ತಿಂಗಳು ಸೇರಿದರೆ ಅದೇ 10 ವರ್ಷವಾಗಬಹುದು.

1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆ ಬೋರ್ಡಿಂಗ್‌ ಮತ್ತು ವಿದ್ಯಾರ್ಥಿವೇತನಗಳ ಮೂಲಕ ಈ ಭಾಗದ ಮಕ್ಕಳನ್ನು ಓದಿಸುತ್ತ ಬಂದ ಸಂಸ್ಥೆ. ಹೊರದೇಶಕ್ಕೆ ಹೊರಟವರಿಗೆ ವೀಸಾ ನಿಯಮದ ತಿಳಿವಳಿಕೆ, ಸೋತು ಮರಳಿದವರಿಗೆ ಉದ್ಯೋಗದ ನೆರವು, ಇವೆರಡೂ ಸಮಾಜದ ಸಂಸ್ಥೆಗಳ ಮುಂದಿನ ಕೆಲಸವಾಗಬೇಕಿದೆ. ಮನೆಯವರು ಇಂದೇ ಮಾಡಬಹುದಾದ ಕೆಲಸ ಇನ್ನೂ ಸಣ್ಣದು: ಫೋನಿನಲ್ಲಿ ಸಂಬಳ ಎಷ್ಟೆಂದು ಕೇಳುವ ಮೊದಲು, ವೀಸಾ ಎಲ್ಲಿಯವರೆಗಿದೆ ಎಂದು ಕೇಳುವುದು. ಉತ್ತರ ಏನೇ ಬಂದರೂ ಬೈಯದೆ ಪೂರ್ತಿ ಕೇಳಿಸಿಕೊಳ್ಳುವುದು.