ಚಿತ್ರಪಟದ ನೀತಿಯೂ ವರ್ಣದ್ವೇಷದ ಅನೀತಿಯೂ

ನೀತಿಯ ಹೆಸರು ಹೇಳಿಕೊಂಡು ನಡೆಯುವ ಅನೀತಿಯಷ್ಟು ಅಪಾಯಕರವಾದದ್ದು ಬೇರೊಂದಿಲ್ಲ. ಕಳ್ಳನನ್ನು ಊರು ಗುರುತಿಸಬಲ್ಲದು. ಕಾವಲುಗಾರನ ವೇಷ ತೊಟ್ಟ ಕಳ್ಳನಿಗಾದರೋ ಊರೇ ಬಾಗಿಲು ತೆರೆದುಕೊಡುವದು. ಸಾಹಿತ್ಯದಲ್ಲಿಯೂ ಚಿತ್ರಪಟದಲ್ಲಿಯೂ ಸಮಾಜದ ನೀತಿಯನ್ನು ಕಾಪಾಡಬೇಕೆಂದು ಸುಶಿಕ್ಷಿತರು ಆಗಾಗ್ಗೆ ಕೂಗೆಬ್ಬಿಸುವದುಂಟು. ಆ ಕೂಗಿಗೆ ನಾವೂ ದನಿಗೂಡಿಸತಕ್ಕವರೇ. ಆದರೆ ಯಾವ ನೀತಿ? ಯಾರ ನೀತಿ? ಅದರ ಕತ್ತರಿಯು ಯಾರ ಕೈಯಲ್ಲಿ, ಕತ್ತು ಯಾರದು? ಇದನ್ನು ಕೇಳದೆ ನೀತಿಯ ಮಾತನ್ನಾಡುವದು ಕಣ್ಣು ಕಟ್ಟಿಕೊಂಡು ದಾರಿ ನಡೆದಂತೆ. ಬರಿಯ ತತ್ತ್ವವನ್ನು ನುಡಿದು ಪ್ರಶ್ನೆಯು ಬಗೆಹರಿಯಲಾರದು. ಆದುದರಿಂದ ನಿಜವಾಗಿ ನಡೆದ ಒಂದು ಖಟ್ಲೆಯನ್ನೇ ವಾಚಕರ ಮುಂದಿಡುತ್ತೇವೆ. ಇದರಲ್ಲಿ ಫಿರ್ಯಾದಿಗಳು ಅಮೇರಿಕೆಯ ಕರಿಯ ಜನರು. ಆರೋಪಿಯು ಆ ದೇಶದ ಚಿತ್ರಪಟದ ನೀತಿ.

ಲೇಖನಿಯು ಕಟ್ಟಬಲ್ಲದು, ಕೆಡವಲೂ ಬಲ್ಲದು. 1852ರಲ್ಲಿ ಹ್ಯಾರಿಯೆಟ್ ಬೀಚರ್ ಸ್ಟೋ ಅವರು ‘ಅಂಕಲ್ ಟಾಮ್ಸ್ ಕ್ಯಾಬಿನ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಒಂದು ವರ್ಷದೊಳಗೆ ಆ ದೇಶವೊಂದರಲ್ಲಿಯೇ ಅದರ ಸುಮಾರು 3,00,000 ಪ್ರತಿಗಳು ಮಾರಿದವು; ಗುಲಾಮನೂ ಹೆಂಡಿರು ಮಕ್ಕಳುಳ್ಳ ಮನುಷ್ಯನೆಂಬದು ಮನೆಮನೆಗೆ ತಿಳಿಯಿತು. 1865ರಲ್ಲಿ ಗುಲಾಮಗಿರಿಯು ಕಾಯಿದೆಯಿಂದ ಅಳಿಯಿತು. ಆದರೆ ಮನಸ್ಸಿನಿಂದ ಅಳಿಯಲಿಲ್ಲ. 1905ರಲ್ಲಿ ಥಾಮಸ್ ಡಿಕ್ಸನ್ ಎಂಬವನು ‘ದಿ ಕ್ಲಾನ್ಸ್‌ಮನ್’ ಎಂಬ ಕಾದಂಬರಿಯನ್ನು ಬರೆದನು. ಮುಖ ಮುಚ್ಚಿಕೊಂಡು ಇರುಳಿನಲ್ಲಿ ಕರಿಯರನ್ನು ಕೊಲ್ಲುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಗುಂಪಿನವರು ಅದರಲ್ಲಿ ಸ್ತ್ರೀಯರ ಮಾನವನ್ನು ಕಾಯುವ ವೀರರು!

ಈ ವಿಷವನ್ನು ಬೆಳ್ಳಿತೆರೆಗೆ ತಂದವನು ಡಿ. ಡಬ್ಲ್ಯು. ಗ್ರಿಫಿತ್. 1915ರಲ್ಲಿ ಹೊರಬಂದ ಅವನ ‘ದಿ ಬರ್ತ್ ಆಫ್ ಎ ನೇಶನ್’ ಎಂಬ ಮೂಕಚಿತ್ರವು ಕಲಾಕೌಶಲದಲ್ಲಿ ಅಂದಿನ ಚಿತ್ರಗಳನ್ನು ಮೀರಿಸಿದ್ದಿತೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಆ ಕೌಶಲವು ಯಾತಕ್ಕೆ ಸವೆಯಿತು? ಅದರ ಮುಖ್ಯ ಕರಿಯ ಪಾತ್ರಗಳನ್ನು ಬಿಳಿಯ ನಟರೇ ಮುಖಕ್ಕೆ ಮಸಿ ಬಳಿದುಕೊಂಡು ಆಡಿದರು; ಕರಿಯನೆಂದರೆ ಹೆಣ್ಣಿನ ಮೇಲೆ ಬೀಳುವ ಮೃಗವೆಂದು ತೋರಿಸಿದರು. ಆ ವರ್ಷ ಫೆಬ್ರವರಿಯಲ್ಲಿ ಅಧ್ಯಕ್ಷರ ನಿವಾಸವಾದ ಶ್ವೇತಭವನದಲ್ಲಿಯೇ ವುಡ್ರೋ ವಿಲ್ಸನ್ನರೆದುರು ಅದರ ಪ್ರದರ್ಶನವಾಯಿತು. ನವೆಂಬರದಲ್ಲಿ ಜಾರ್ಜಿಯದ ಸ್ಟೋನ್ ಮೌಂಟನ್ ಎಂಬ ಬೆಟ್ಟದ ಮೇಲೆ, ಅಳಿದುಹೋಗಿದ್ದ ಕ್ಲಾನ್ ಗುಂಪು ಮತ್ತೆ ಹುಟ್ಟಿತು. ಚಿತ್ರವು ಬರಿಯ ಚಿತ್ರವೆನ್ನುವವರು ಈ ಎರಡು ತಿಂಗಳುಗಳ ಹೆಸರನ್ನು ನೆನಪಿನಲ್ಲಿಡಲಿ.

‘ಅದು ಆಗಿನ ಕಾಲಧರ್ಮ; ಇಂದಿನ ತಕ್ಕಡಿಯಲ್ಲಿ ಅಂದಿನವರನ್ನು ತೂಗಬೇಡಿರಿ’ ಎಂದು ಪ್ರತಿಪಕ್ಷದ ವಾದವುಂಟು. ಈ ವಾದವು ಸಾಕ್ಷಿಯ ಮುಂದೆ ನಿಲ್ಲದು. ಆ ಕಾಲದವರೇ ಆ ಕಾಲವನ್ನು ತೂಗಿದ್ದರು. 1892ರಲ್ಲಿ ಮೆಂಫಿಸ್ ನಗರದಲ್ಲಿ ಮೂವರು ಕರಿಯರನ್ನು ಗುಂಪು ಕೊಂದಿತು. ಬಿಳಿಯ ಅಂಗಡಿಕಾರನಿಗೆ ಪೈಪೋಟಿಯಾಗಿ ಕಿರಾಣಿ ಅಂಗಡಿ ನಡೆಯಿಸಿದ್ದೇ ಆ ಜಗಳದ ಮೂಲ. ಇಡಾ ವೆಲ್ಸ್ ಎಂಬ ಕರಿಯ ಪತ್ರಿಕಾಕರ್ತೆಯು ಇಂಥ ಕೊಲೆಗಳನ್ನು ಒಂದೊಂದಾಗಿ ವಿಚಾರಿಸಿ, ಸ್ತ್ರೀಯರ ಮಾನರಕ್ಷಣೆಯ ಮಾತು ಅನೇಕ ಸಲ ಬರಿಯ ನೆವವೆಂದು ಬರೆದರು. ಉತ್ತರವಾಗಿ ಅವರ ಪತ್ರಿಕೆಯ ಕಚೇರಿಯು ಧ್ವಂಸವಾಯಿತು. 1915ರಲ್ಲಿ ಬೋಸ್ಟನ್ ನಗರದಲ್ಲಿ ಗ್ರಿಫಿತ್ತನ ಚಿತ್ರವನ್ನು ಪ್ರತಿಭಟಿಸಿದ ಪತ್ರಿಕಾಕರ್ತರಾದ ವಿಲಿಯಂ ಮನ್ರೋ ಟ್ರಾಟರರು ಬಂಧಿತರಾದರು. ಸತ್ಯವು ಅಂದಿನವರಿಗೆ ಹೊಳೆದಿರಲಿಲ್ಲವೆಂದಲ್ಲ. ಹೊಳೆದವರ ಬಾಯಿ ಮುಚ್ಚಿಸಲಾಯಿತು.

ನೀತಿಯ ಕತ್ತರಿಯು ಎತ್ತ ತಿರುಗುವದೆಂಬದಕ್ಕೆ ಇನ್ನೂ ಬಲವಾದ ಸಾಕ್ಷಿಯುಂಟು. 1920ರಲ್ಲಿ ಆಸ್ಕರ್ ಮಿಶೋ ಎಂಬ ಕರಿಯ ನಿರ್ದೇಶಕರು ‘ವಿದಿನ್ ಅವರ್ ಗೇಟ್ಸ್’ ಎಂಬ ಚಿತ್ರವನ್ನು ತೆರೆಗೆ ತಂದರು. ಲೆಕ್ಕ ಕೇಳಿದ ಬಡ ರೈತನ ಮೇಲೆ ಜಮೀನುದಾರನ ಕೊಲೆಯ ಸುಳ್ಳಾರೋಪ ಬರುವದು. ಗುಂಪು ಅವನನ್ನೂ ಅವನ ಹೆಂಡತಿಯನ್ನೂ ಗಲ್ಲಿಗೇರಿಸುವದು. ಅವರ ಸಾಕುಮಗಳ ಮೇಲೆ ಕೈಮಾಡಲು ಬಂದ ಬಿಳಿಯನಿಗೆ ಅವಳು ತನ್ನ ಹೆತ್ತ ಮಗಳೇ ಎಂದು ತಿಳಿಯುವದು. ಗ್ರಿಫಿತ್ತನು ಮುಚ್ಚಿಟ್ಟ ಸತ್ಯವನ್ನು ಮಿಶೋ ಬಿಚ್ಚಿಟ್ಟರು. ಆಗ ನೀತಿಪಾಲಕರು ಎಚ್ಚತ್ತರು! 1919ರ ವರ್ಣಕಲಹದಲ್ಲಿ 38 ಜನರು ಸತ್ತ ಶಿಕಾಗೋ ನಗರದಲ್ಲಿ ಸೆನ್ಸಾರರು ಈ ಚಿತ್ರಕ್ಕೆ ಮೊದಲು ಅಡ್ಡಿ ಮಾಡಿದರು, ಗಲಭೆಯಾದೀತೆಂಬ ಭಯವಂತೆ. ಕೊಲೆಗಾರರನ್ನು ಹೊಗಳಿದ ಚಿತ್ರಕ್ಕೆ ಶ್ವೇತಭವನ, ಕೊಲೆಯಾದವರ ಅಳಲನ್ನು ತೋರಿಸಿದ ಚಿತ್ರಕ್ಕೆ ಕತ್ತರಿ! ಮುಂದೆ ಆ ಚಿತ್ರದ ಪ್ರತಿಯೇ ಕಾಣೆಯಾಗಿ, ದಶಕಗಳ ತರುವಾಯ ಸ್ಪೇನ್ ದೇಶದಲ್ಲಿ ದೊರೆಯಿತು.

ಇನ್ನು ಚಿತ್ರ ತಯಾರಕರೇ ಬರೆದುಕೊಂಡ ನೀತಿಸಂಹಿತೆಯನ್ನು ನೋಡೋಣ. 1927ರಲ್ಲಿ ಅವರ ಸಂಘವು ‘ಮಾಡತಕ್ಕದ್ದಲ್ಲ’ ಎಂಬ 11 ಕಲಮುಗಳ ಯಾದಿಯನ್ನು ಹೊರಡಿಸಿತು. 6ನೆಯ ಕಲಮು: ಬಿಳಿಯರ ಹಾಗೂ ಕರಿಯರ ನಡುವೆ ಗಂಡುಹೆಣ್ಣಿನ ಸಂಬಂಧವನ್ನು ತೋರಿಸತಕ್ಕದ್ದಲ್ಲ. 11ನೆಯ ಕಲಮು: ಯಾವ ದೇಶಕ್ಕಾಗಲಿ ಕುಲಕ್ಕಾಗಲಿ ಮತಕ್ಕಾಗಲಿ ಬೇಕೆಂದು ಅವಮಾನ ಮಾಡತಕ್ಕದ್ದಲ್ಲ. ಕಾಯಿದೆಯ ಅಕ್ಷರವನ್ನು ಬಲ್ಲ ವಾಚಕರೇ, ಈ ಎರಡನ್ನೂ ಪಕ್ಕದಲ್ಲಿಟ್ಟು ಓದಿರಿ. ಒಂದು ಕುಲದವರನ್ನು ಮುಟ್ಟುವದೇ, ಪ್ರೀತಿಸುವದೇ ಹೊಲಸೆಂದು ಸಾರುವದಕ್ಕಿಂತ ಮಿಗಿಲಾದ ಅವಮಾನವು ಇನ್ನೇನು? 6ನೆಯ ಕಲಮು ತಾನೇ 11ನೆಯ ಕಲಮಿನ ಉಲ್ಲಂಘನೆ! 1930ರ ಸಂಹಿತೆಯಲ್ಲಿಯೂ ಈ ನಿಷೇಧವು ಉಳಿಯಿತು. 1934ರಿಂದ ಅದನ್ನು ಬಿಗಿಯಾಗಿ ನಡೆಯಿಸಿದರು. 1956ರಲ್ಲಿ ಮಾತ್ರ ಕೈಬಿಟ್ಟರು.

ಈ ನೀತಿಯು ಪಾತ್ರಗಳನ್ನಲ್ಲದೆ ಪಾತ್ರಧಾರಿಗಳನ್ನೂ ಬಿಡಲಿಲ್ಲ. ‘ಗಾನ್ ವಿತ್ ದ ವಿಂಡ್’ ಚಿತ್ರದಲ್ಲಿ ದಾಸಿಯ ಪಾತ್ರವನ್ನಾಡಿದ ಹ್ಯಾಟಿ ಮ್ಯಾಕ್‌ಡೇನಿಯಲ್ ಅವರಿಗೆ 1939ರಲ್ಲಿ ಅಟ್ಲಾಂಟ ನಗರದ ಪ್ರಥಮ ಪ್ರದರ್ಶನಕ್ಕೆ ಪ್ರವೇಶವಿರಲಿಲ್ಲ. 1940ರಲ್ಲಿ ಆಸ್ಕರ್ ಪಾರಿತೋಷಕವು ಅವರಿಗೆ ಲಭಿಸಿತು. ಆದರೆ ಆ ಸಭೆಯಲ್ಲಿ ಅವರನ್ನು ಸಹನಟರಿಂದ ದೂರ, ಬೇರೊಂದು ಮೇಜಿನಲ್ಲಿ ಕುಳ್ಳಿರಿಸಿದ್ದರು. ಮನ್ನಣೆಯೂ ಬೇರೆ ಪಂಕ್ತಿಯಲ್ಲಿ!

ತೆರೆಯ ನೀತಿಗೆ ಕಾಯಿದೆಯ ಬೆಂಬಲವಿದ್ದಿತು. 1958ರಲ್ಲಿ ರಿಚರ್ಡ್ ಲವಿಂಗ್ ಎಂಬ ಬಿಳಿಯರೂ ಮಿಲ್ಡ್ರೆಡ್ ಎಂಬ ಕರಿಯ ಸ್ತ್ರೀಯೂ ವಿವಾಹವಾದರು. ವರ್ಜೀನಿಯದಲ್ಲಿ ಅವರನ್ನು ಹಿಡಿದು ಒಂದು ವರ್ಷದ ಕಾರಾಗೃಹವಾಸವನ್ನು ವಿಧಿಸಿದರು. 25 ವರ್ಷ ಆ ಸಂಸ್ಥಾನವನ್ನು ಬಿಟ್ಟಿದ್ದರೆ ಶಿಕ್ಷೆ ಮಾಫಿ. 1967ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಇಂಥ ಕಾಯಿದೆಯನ್ನು ರದ್ದುಮಾಡಿದಾಗ 16 ಸಂಸ್ಥಾನಗಳಲ್ಲಿ ಅದು ಇನ್ನೂ ಜೀವಂತವಾಗಿದ್ದಿತು. ಗುಂಪುಕೊಲೆಯ ಕಥೆಯೇನು? 1877ರಿಂದ 1950ರ ವರೆಗೆ ದಕ್ಷಿಣದ ಸಂಸ್ಥಾನಗಳಲ್ಲಿ 4,000ಕ್ಕೂ ಹೆಚ್ಚು ಕರಿಯರು ಹೀಗೆ ಸತ್ತರು. ಇದನ್ನು ಇಡಿಯ ರಾಷ್ಟ್ರದ ಅಪರಾಧವೆಂದು ಸಾರುವ ಮಸೂದೆಯನ್ನು ಶಾಸನಸಭೆಯ ಏಕೈಕ ಕರಿಯ ಸದಸ್ಯರಾಗಿದ್ದ ಜಾರ್ಜ್ ಹೆನ್ರಿ ವೈಟರು 1900ರಲ್ಲಿ ತಂದರು. ಅಂಥ ಮಸೂದೆಯು ಕಾಯಿದೆಯಾದದ್ದು 2022ರಲ್ಲಿ! ಮದುವೆಯನ್ನು ತಡೆಯಲು ಕಾಯಿದೆಗಳ ಸಾಲು. ಕೊಲೆಯನ್ನು ತಡೆಯಲು 122 ವರ್ಷಗಳ ವಿಳಂಬ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?

ಹಾಗಾದರೆ ಕೆಟ್ಟ ಚಿತ್ರಗಳನ್ನೆಲ್ಲ ಸುಟ್ಟುಬಿಡೋಣವೇ? ನಾವು ಹಾಗೆನ್ನುವದಿಲ್ಲ. ಕತ್ತರಿಯು ಬಲಿಷ್ಠರ ಕೈಯಲ್ಲಿರುವ ವರೆಗೆ ಅದು ದುರ್ಬಲರ ನಾಲಗೆಯನ್ನೇ ಮೊದಲು ಕತ್ತರಿಸುವದೆಂಬದನ್ನು ಮೇಲಿನ ಚರಿತ್ರೆಯೇ ಹೇಳುತ್ತದೆ. ‘ಕಲೆಯನ್ನು ಕಲೆಯೆಂದಷ್ಟೇ ನೋಡಿರಿ’ ಎನ್ನುವವರನ್ನೂ ನಾವು ಒಪ್ಪಲಾರೆವು. ಚಂದದ ಅಕ್ಷರದಲ್ಲಿ ಬರೆದ ಮಾತ್ರಕ್ಕೆ ಸುಳ್ಳು ದಸ್ತಾವೇಜು ನಿಜವಾಗುವದೇ? ನಮಗೆ ಬೇಕಾದದ್ದು ನೆಟ್ಟಗಿನ ತಕ್ಕಡಿ. ಈ ಕೃತಿಯು ತಾನು ತೋರಿಸುವ ಮನುಷ್ಯನಿಗೆ ನ್ಯಾಯ ಮಾಡಿದೆಯೇ? ತೆರೆಯ ಮೇಲೆ ಅವನನ್ನು ಕಂಡ ಪ್ರೇಕ್ಷಕನು ಹೊರಬಂದ ಮೇಲೆ ಅವನ ಪಕ್ಕದಲ್ಲಿ ಕುಳಿತುಕೊಳ್ಳುವನೇ, ಅವನ ಮೇಲೆ ಕಲ್ಲು ಬೀಸುವನೇ? ಸೀರೆಯ ಅಂಚಿನ ಅಳತೆಗಿಂತ ಮೊದಲು ಈ ಪ್ರಶ್ನೆಯನ್ನು ಕೇಳತಕ್ಕದ್ದು.

‘ದೂರದ ದೇಶದ ಗೊಡವೆ ನಮಗೇಕೆ?’ ಎನ್ನುವ ಕನ್ನಡಿಗರಿಗೆ ಕಲ್ಯಾಣವನ್ನು ನೆನಪಿಸುತ್ತೇವೆ. ಮಧುವರಸರ ಮಗಳನ್ನು ಹರಳಯ್ಯನವರ ಮಗನಿಗೆ ಕೊಟ್ಟ ತಪ್ಪಿಗೆ ಆ ಹಿರಿಯರನ್ನು 12ನೆಯ ಶತಮಾನದಲ್ಲಿ ಎಳೆಹೂಟೆಯ ಶಿಕ್ಷೆಗೆ ಗುರಿಮಾಡಿದರೆಂದು ಶರಣರ ಪರಂಪರೆಯು ಹೇಳುತ್ತದೆ. ಅಂದೂ ನೀತಿಯ ಹೆಸರೇ ಮುಂದಿದ್ದಿತು. ಇತ್ತೀಚೆಗೆ 1970ರಲ್ಲಿ, ಅಗ್ರಹಾರದ ಕಪಟವನ್ನು ಬಯಲಿಗೆಳೆದ ‘ಸಂಸ್ಕಾರ’ ಚಿತ್ರಕ್ಕೆ ಮದರಾಸಿನ ಸೆನ್ಸಾರ್ ಮಂಡಲಿಯು ಮೊದಲು ಅನುಮತಿಯನ್ನು ನಿರಾಕರಿಸಿತು. ತರುವಾಯ ಅದೇ ಚಿತ್ರವು ರಾಷ್ಟ್ರಪತಿಗಳ ಸುವರ್ಣಪದಕವನ್ನು ಪಡೆಯಿತು. ಬಣ್ಣವು ಬೇರೆ, ಜಾತಿಯು ಬೇರೆ ಎಂದು ತರ್ಕಮಾಡಬಹುದು. ಕತ್ತರಿ ಹಿಡಿಯುವ ಕೈಯ ಗುಣವು ಬೇರೆಯಲ್ಲ.

ಶಾಲಾಮಾಸ್ತರರಲ್ಲಿಯೂ ವಾಚನಾಲಯಗಳನ್ನು ನಡೆಯಿಸುವವರಲ್ಲಿಯೂ ನಮ್ಮದೊಂದು ಬಿನ್ನಹ. ಕಾದಂಬರಿಯನ್ನಾಗಲಿ ಚಿತ್ರಪಟವನ್ನಾಗಲಿ ಎಳೆಯರ ಮುಂದಿಡುವಾಗ, ಇದರಲ್ಲಿ ನಾಚಿಕೆಗೇಡಿನ ದೃಶ್ಯವಿದೆಯೇ ಎಂದಷ್ಟೇ ಹುಡುಕಬೇಡಿರಿ. ಇದರಲ್ಲಿ ಯಾರನ್ನು ಮನುಷ್ಯರಲ್ಲವೆಂದು ತೋರಿಸಿದ್ದಾರೆ ಎಂದು ಕೇಳುವದನ್ನು ಕಲಿಸಿರಿ. ಆ ಪ್ರಶ್ನೆಯನ್ನು ಕೇಳಬಲ್ಲ ಹುಡುಗನಿಗೆ ಸೆನ್ಸಾರನ ಕಾವಲು ಬೇಡ. ಕೇಳಲಾರದ ಸಮಾಜವನ್ನಾದರೋ ಯಾವ ಸೆನ್ಸಾರನೂ ಕಾಯಲಾರನು.