ಕೆಂಪುಹೊಳೆಯ ನೆಲಗಪ್ಪೆಗೆ ಕಾಡೇ ಸಾಕ್ಷಿ

ಸಕಲೇಶಪುರದಿಂದ ಶಿರಾಡಿ ಘಾಟಿಯನ್ನು ಇಳಿಯುವ ಹೆದ್ದಾರಿಯ ಮಗ್ಗುಲಲ್ಲಿ ಹರಿಯುವ ಕೆಂಪುಹೊಳೆಯ ಹೆಸರು ಪ್ರಾಣಿಶಾಸ್ತ್ರದ ಗ್ರಂಥಗಳನ್ನು ಸೇರಿ ಎಂಟು ದಶಕಗಳೇ ಕಳೆದಿವೆ. 1937ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ ಅವರು ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ಒಂದೇ ಪ್ರಬಂಧದಲ್ಲಿ ವಿವರಿಸಿದರು. ಅವುಗಳಲ್ಲಿ ಕೆಂಪುಹೊಳೆಯ ಕಾಡಿನಲ್ಲಿ ದೊರೆತ ನೆಲಗಪ್ಪೆಯೂ ಒಂದು. ಅದಕ್ಕೆ ಅವರಿತ್ತ ಹೆಸರು ಬ್ಯೂಫೊ ಬ್ರೆವಿರೋಸ್ಟ್ರಿಸ್. ಮೋಟು ಮೂತಿಯ ನೆಲಗಪ್ಪೆ ಎಂದು ಅದರ ಅರ್ಥ. ಇಂದು ಅದನ್ನು ಡಟ್ಟಾಫ್ರೈನಸ್ ಕುಲಕ್ಕೆ ಸೇರಿಸಲಾಗಿದೆ. 2006ರಲ್ಲಿ ಸ್ಥಾಪಿತವಾದ ಈ ಕುಲದ ಹೆಸರು ಭಾರತದ ಕಪ್ಪೆ ತಜ್ಞ ಸುಶೀಲ್ ಕುಮಾರ್ ದತ್ತ ಅವರ ಗೌರವಾರ್ಥವಾದುದು.

ಹೆಸರೇನೋ ಭದ್ರವಾಗಿದೆ. ಆದರೆ ಆ ಹೆಸರಿಗೆ ಆಧಾರವಾಗಿದ್ದ ಕಪ್ಪೆಗಳು ಇಂದಿಲ್ಲ. ಹೊಸ ಪ್ರಭೇದವೊಂದನ್ನು ವಿವರಿಸುವ ವಿಜ್ಞಾನಿ, ತಾನು ಕಂಡದ್ದು ಇದನ್ನೇ ಎಂಬುದಕ್ಕೆ ಸಾಕ್ಷಿಯಾಗಿ ಜೀವಿಯ ದೇಹವನ್ನು ಸಂರಕ್ಷಿಸಿಡುತ್ತಾನೆ. ಅದೇ ಆಧಾರ ನಮೂನೆ. ಮುಂದೆ ಯಾರಿಗೇ ಸಂಶಯ ಬಂದರೂ ತಮ್ಮ ಕೈಯ ಕಪ್ಪೆಯನ್ನು ಅದರೊಡನೆ ಹೋಲಿಸಿ ನೋಡಬೇಕು. ರಾವ್ ಅವರ ನಮೂನೆಗಳು ಸೆಂಟ್ರಲ್ ಕಾಲೇಜಿನ ಸಂಗ್ರಹದಲ್ಲಿದ್ದವು, ಕಾಲಾನಂತರದಲ್ಲಿ ಕಳೆದುಹೋದವು. ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾಗಿ ದೇಶದ ವಿಜ್ಞಾನಕ್ಕೆ ವೇದಿಕೆ ಕಟ್ಟಿಕೊಟ್ಟವರ ಸ್ವಂತ ಸಂಗ್ರಹಕ್ಕೆ ಈ ಗತಿ ಬಂದುದು ವಿಷಾದದ ಸಂಗತಿ.

ನಮೂನೆಯಿಲ್ಲದೆ ನೆಲಗಪ್ಪೆಯ ಗುರುತು ಹಿಡಿಯುವುದು ಏಕೆ ಕಷ್ಟವೆಂಬುದನ್ನು ತಿಳಿಯಬೇಕು. ಮನೆಯಂಗಳದ ದೀಪದ ಕೆಳಗೆ ಹುಳು ಹಿಡಿಯುವ ಸಾಮಾನ್ಯ ನೆಲಗಪ್ಪೆಯನ್ನು ಅದರ ತಲೆಯ ಮೇಲಿನ ಕಪ್ಪು ಅಂಚಿನ ಏಣುಗಳಿಂದ ಯಾರೂ ಗುರುತಿಸಬಲ್ಲರು. ಕಾಡಿನ ತರಗೆಲೆಗಳ ನಡುವಿನ ಚಿಕ್ಕ ನೆಲಗಪ್ಪೆಗಳ ಮಾತು ಬೇರೆ. ಅವುಗಳ ಮೈಬಣ್ಣ ಮಣ್ಣಿನದೇ. ಒಂದೇ ಪ್ರಭೇದದೊಳಗೂ ಬಣ್ಣದಲ್ಲಿ ವ್ಯತ್ಯಾಸವುಂಟು. ಸಾಮಾನ್ಯ ನೆಲಗಪ್ಪೆಯ ಮರಿಯನ್ನೇ ಬೇರೊಂದು ಪ್ರಭೇದವೆಂದು ಭ್ರಮಿಸುವುದು ಸುಲಭ. ಆದ್ದರಿಂದ ತಜ್ಞರು ಬಣ್ಣವನ್ನು ನಂಬುವುದಿಲ್ಲ. ತಲೆಯ ಮೇಲೆ ಏಣುಗಳಿವೆಯೇ, ಕಣ್ಣಿನ ಹಿಂದಿರುವ ವಿಷಗ್ರಂಥಿಯ ಆಕಾರವೇನು, ಕಿವಿಯ ತಮಟೆ ಹೊರಗೆ ಕಾಣುತ್ತದೆಯೇ, ಬೆರಳುಗಳ ನಡುವಿನ ಜಾಲಪೊರೆ ಎಲ್ಲಿಯವರೆಗಿದೆ, ಮೂತಿಯಿಂದ ಗುದದವರೆಗಿನ ಉದ್ದವೆಷ್ಟು ಎಂಬುದನ್ನೆಲ್ಲ ಅಳೆಯುತ್ತಾರೆ. ಗಂಡಿನ ಕೂಗು, ಗೊದಮೊಟ್ಟೆಯ ರಚನೆ, ಡಿಎನ್‌ಎ ಇವುಗಳೂ ಇಂದು ಸಾಕ್ಷ್ಯಗಳಾಗಿವೆ.

ಹೋಲಿಕೆಯ ಬೆಲೆಯನ್ನು ಬೆಳಗಾವಿಯಿಂದ ಸಾವಂತವಾಡಿಗೆ ಹೋಗುವ ದಾರಿಯ ಅಂಬೋಲಿ ತೋರಿಸಿಕೊಟ್ಟಿದೆ. ಮಹಾರಾಷ್ಟ್ರದ ಕೊಯ್ನಾ ಪ್ರದೇಶದ ನೆಲಗಪ್ಪೆಯೊಂದು 1963ರಲ್ಲೇ ವಿವರಣೆ ಪಡೆದಿತ್ತು. ಅಂಬೋಲಿಯ ಕಪ್ಪೆಯ ಮೈಮೇಲೆ ಹುಲಿಯಂಥ ಪಟ್ಟೆಗಳಿದ್ದವು. ದೇಹರಚನೆ ಮತ್ತು ಡಿಎನ್‌ಎ ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿದ ಮೇಲೆ, 2009ರಲ್ಲಿ ಅದು ಬೇರೆಯೇ ಪ್ರಭೇದವೆಂದು ಸ್ಥಿರಪಟ್ಟಿತು. ಇವೆರಡೂ ಸಹ್ಯಾದ್ರಿಗೆ ಮಾತ್ರ ಸೀಮಿತವಾದ ಹೊಸ ಕುಲವೊಂದಕ್ಕೆ ಸೇರಿದವು. ಹೋಲಿಸಲು ಕೊಯ್ನಾದ ಕಪ್ಪೆ ದೊರೆಯದೆ ಹೋಗಿದ್ದರೆ ಈ ತೀರ್ಮಾನ ಸಾಧ್ಯವಾಗುತ್ತಿರಲಿಲ್ಲ.

ಹಾಗಾದರೆ ಕೆಂಪುಹೊಳೆಯ ಕಪ್ಪೆಗೆ ದಾರಿಯಿಲ್ಲವೇ? ಇದೆ. ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ನಿಯಮದಂತೆ, ಆಧಾರ ನಮೂನೆ ನಾಶವಾದಾಗ ಅಗತ್ಯ ಬಿದ್ದರೆ ಹೊಸದನ್ನು ಗೊತ್ತುಪಡಿಸಬಹುದು. ಆದರೆ ಅದು ಸಾಧ್ಯವಾದಷ್ಟು ಮಟ್ಟಿಗೆ ಮೂಲ ಕಪ್ಪೆ ದೊರೆತ ತಾಣದಿಂದಲೇ ಬಂದಿರಬೇಕು. ಗಾಜಿನ ಭರಣಿ ಹೋಯಿತು. ಭರಣಿ ತುಂಬಿದ ಕಾಡು ಉಳಿದಿದೆ. ಆ ಕಾಡೂ ಅಳಿದರೆ ಮೋಟು ಮೂತಿಯ ನೆಲಗಪ್ಪೆ ಎಂಬುದು ಯಾವ ಜೀವಿಗೂ ಅಂಟದ ಬರಿಯ ಹೆಸರಾಗಿ ಉಳಿದೀತು.

ಇದು ಕೇವಲ ಆಸೆಯ ಮಾತಲ್ಲ. ಅದೇ 1937ರಲ್ಲಿ ರಾವ್ ಅವರು ವಿವರಿಸಿದ್ದ ಕೆಂಪುಹೊಳೆಯ ಇರುಳುಗಪ್ಪೆಯೂ, 1920ರಲ್ಲಿ ವಿವರಿಸಿದ್ದ ಕೊಡಗಿನ ಇರುಳುಗಪ್ಪೆಯೂ ದಶಕಗಟ್ಟಲೆ ಕಾಣೆಯಾಗಿದ್ದು, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮತ್ತೆ ಬೆಳಕಿಗೆ ಬಂದವು. ಕಾಡು ಉಳಿದಿದ್ದರಿಂದಲೇ ಅದು ಸಾಧ್ಯವಾಯಿತು.

ಆದರೆ ಈ ಸೀಮೆಯ ಹೊಳೆಗಳ ಮೇಲಿನ ಒತ್ತಡ ಇಳಿದಿಲ್ಲ. ಗುಂಡ್ಯ ಜಲವಿದ್ಯುತ್ ಯೋಜನೆ ಬೇಡವೆಂದು ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ ಸ್ಪಷ್ಟವಾಗಿ ಹೇಳಿತು. ನೆರೆಯ ಹಳ್ಳಗಳ ನೀರನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಕುಡಿಯುವ ನೀರಿನ ಯೋಜನೆ ಎಂಬ ಕಾರಣದಿಂದ ಅದಕ್ಕೆ ಪರಿಸರ ಅನುಮತಿಯ ಅಗತ್ಯವೇ ಬೀಳಲಿಲ್ಲ. ಯೋಜನೆಗಳ ಕಡತದಲ್ಲಿ ಹುಲಿ, ಆನೆಗಳಿಗೆ ಒಂದು ಸಾಲಾದರೂ ಸಿಗುತ್ತದೆ. ಗುರುತು ಖಚಿತವಿಲ್ಲದ ಕಪ್ಪೆಯ ಪರವಾಗಿ ಯಾರು ವಾದಿಸಬೇಕು? ‘ಮಾಹಿತಿ ಸಾಲದು’ ಎಂಬ ಮಾತನ್ನು ‘ಅಂಥದ್ದು ಇಲ್ಲಿಲ್ಲ’ ಎಂದು ಓದಿಕೊಳ್ಳುವುದು ಅಧಿಕಾರಸ್ಥರಿಗೆ ಅನುಕೂಲವೇ ಸರಿ.

ಇಲ್ಲಿಯೇ ಊರಿನವರ ಪಾತ್ರ ಆರಂಭವಾಗುತ್ತದೆ. 2002ರ ಜೈವಿಕ ವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಆ ದಾಖಲಾತಿಯಲ್ಲಿ ಭತ್ತದ ತಳಿಗಳಿಗೂ ಔಷಧಿ ಗಿಡಗಳಿಗೂ ಇರುವಂತೆಯೇ ಕಪ್ಪೆಗಳಿಗೂ ಪುಟಗಳಿರಬೇಕು. ಗೆದ್ದಲು, ಇರುವೆ, ಜೀರುಂಡೆಗಳನ್ನು ತಿಂದು ಬದುಕುವ ನೆಲಗಪ್ಪೆ ತೋಟಕ್ಕೂ ಗದ್ದೆಗೂ ಸಂಬಂಧವಿಲ್ಲದ ಪ್ರಾಣಿಯಲ್ಲ.

ದಾಖಲಿಸುವ ಕ್ರಮ ಸರಳ. ಕಂಡ ಸ್ಥಳ, ದಿನಾಂಕ, ಹೊತ್ತು, ಹಳ್ಳದ ಹೆಸರು, ಮಳೆಯ ಸ್ಥಿತಿ ಇವನ್ನು ಬರೆದಿಡಬೇಕು. ಮೇಲಿನಿಂದಲೂ ಪಕ್ಕದಿಂದಲೂ ಚಿತ್ರ ತೆಗೆಯಬೇಕು; ಕೂಗನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಬೇಕು. ಕಪ್ಪೆಯನ್ನು ಹಿಡಿಯಬಾರದು, ಕೊಲ್ಲಬಾರದು. ನಮೂನೆ ಸಂಗ್ರಹ ಅರಣ್ಯ ಇಲಾಖೆಯ ಅನುಮತಿ ಪಡೆದ ಸಂಶೋಧಕರ ಕೆಲಸ. ಹೊಸ ಪ್ರಭೇದ ದೊರೆತರೆ ಅದರ ನಮೂನೆಯನ್ನು ನಿಗದಿತ ಸಂಸ್ಥೆಗೆ ಒಪ್ಪಿಸಬೇಕೆಂದು ಅದೇ ಕಾಯಿದೆ ವಿಧಿಸಿದೆ. ಒಂದು ಕಾಲೇಜಿನ ಕಪಾಟಿನಲ್ಲಿ ಆದ ನಷ್ಟ ಮರುಕಳಿಸದಿರಲು ಈ ನಿಯಮ ಅತ್ಯವಶ್ಯ.

ಹಳ್ಳಿಯ ಶಾಲೆಯ ಮಕ್ಕಳು ಒಂದು ಮಳೆಗಾಲ ಬರೆದಿಟ್ಟ ಪಟ್ಟಿಯಿಂದಲೇ ಪ್ರಭೇದ ನಿರ್ಣಯವಾಗುವುದಿಲ್ಲ. ಆದರೆ ಎಲ್ಲಿ ಹುಡುಕಬೇಕೆಂದು ಅದು ಸಂಶೋಧಕರಿಗೆ ತಿಳಿಸುತ್ತದೆ. ಕಾಡನ್ನು ಕಡಿಯಲು ಬಂದವರ ಮುಂದೆ ಇಡಲು ಊರಿನ ಕೈಯಲ್ಲಿ ಒಂದು ದಾಖಲೆಯಾಗುತ್ತದೆ. ಮುಂದಿನ ಮುಂಗಾರಿನೊಳಗೆ ಘಟ್ಟದ ಪ್ರತಿ ಪಂಚಾಯತಿಯ ದಾಖಲಾತಿಯಲ್ಲೂ ಕಪ್ಪೆಗಳ ಪುಟ ತೆರೆಯಲಿ.